ತಾತ್ಕಾಲಿಕ ದುರಸ್ತಿ: ಅದರ ಗುಣವೂ ಗಡುವೂ

ಧಾರವಾಡದ ಕಡೆಯಲ್ಲಿ ಉಗಮಿಸಿ, ಬೇಡ್ತಿಯೆಂಬ ಹೆಸರಿನಿಂದ ಯಲ್ಲಾಪುರದ ಅರಣ್ಯಗಳನ್ನು ಹಾದು, ಮಾಗೋಡಿನಲ್ಲಿ ಪ್ರಪಾತವಾಗಿ ಧುಮುಕಿ, ಕೊನೆಗೆ ಗಂಗಾವಳಿಯೆಂಬ ನಾಮವನ್ನು ಧರಿಸಿ ಅರಬ್ಬಿ ಸಮುದ್ರವನ್ನು ಸೇರುವ ನದಿಯ ಅಳಿವೆಯಲ್ಲಿ, ಉತ್ತರದ ದಂಡೆಯ ಮೇಲೆ ಅಂಕೋಲಾ ತಾಲೂಕಿನ ಮಂಜಗುಣಿಯಿದೆ. ಎದುರು ದಂಡೆಯಲ್ಲಿ, ಗೋಕರ್ಣದ ಮಗ್ಗುಲಿಗೆ, ನದಿಯ ಹೆಸರನ್ನೇ ಹೊತ್ತ ಗಂಗಾವಳಿ ಗ್ರಾಮವಿದೆ. ಇದೇ ನದಿಯ ನೀರನ್ನು ಮೇಲುಭಾಗದ ಹೊನ್ನಳ್ಳಿಯಲ್ಲಿ ಎತ್ತಿ ಕೊಳವೆಗಳ ಮೂಲಕ ಅಂಕೋಲಾ, ಕಾರವಾರ ಪಟ್ಟಣಗಳಿಗೆ ಕುಡಿಯಲು ಒಯ್ಯುತ್ತಾರೆ. ಆದರೆ ಭರತ ಬಂದಾಗಲೆಲ್ಲ ಕಡಲಿನ ನೀರು ನದಿಯೊಳಕ್ಕೆ ಏರಿ ಬರುವ ಅಳಿವೆಯ ಊರಿನಲ್ಲಿ, ಕಣ್ಣಿಗೆ ಕಾಣುವ ನೀರಿಗೆ ಮಿತಿಯಿಲ್ಲದಿದ್ದರೂ ಬಾಯಿಗೆ ಸಲ್ಲುವ ನೀರಿಗೆ ಮಿತಿಯುಂಟು. ಬೇಸಿಗೆಯಲ್ಲಿ ನದಿಯ ಹರಿವು ಕ್ಷೀಣಿಸಿ ಉಪ್ಪುನೀರು ಒಳನಾಡಿನತ್ತ ಸರಿದಂತೆಲ್ಲ ದಂಡೆಯ ಬಾವಿಗಳು ಸವುಳಾಗುವುದು ಕರಾವಳಿಯವರಿಗೆ ಹೊಸತಲ್ಲ. ಆದುದರಿಂದ ಇಂಥ ಸ್ಥಳದಲ್ಲಿ ಮನೆಯ ಪೈಪೊಂದು ಸೋರುವುದೆಂದರೆ, ಗೃಹಕೃತ್ಯದ ಕಿರಿಯ ಉಪದ್ರವವಷ್ಟೇ ಅಲ್ಲದೆ, ದುರ್ಲಭವಾದ ಸಿಹಿನೀರಿನ ನಷ್ಟವೂ ಆಗುತ್ತದೆ.

ಸೋರಿಕೆಯ ಕಾರಣವೂ ಇಲ್ಲಿ ಬಹುಮಟ್ಟಿಗೆ ಉಪ್ಪೇ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಕರ್ನಾಟಕದ ಕಣವಾಗಿ ಇತಿಹಾಸದಲ್ಲಿ ಅಂಕೋಲೆಯ ಹೆಸರನ್ನು ನಿಲ್ಲಿಸಿದ ಆ ಲವಣವೇ, ಗಾಳಿಯಲ್ಲಿ ತೇಲಿ ಬಂದು ಮನೆಯ ಕಬ್ಬಿಣಕ್ಕೆ ಅಂಟಿದಾಗ ಮಿತ್ರನಾಗಿ ಉಳಿಯುವುದಿಲ್ಲ. ಕಬ್ಬಿಣದ ಪೈಪಿಗೆ ಸತುವಿನ ಲೇಪ ಕೊಡುವುದು, ಸತುವು ತಾನು ಮೊದಲು ಕ್ಷಯಿಸಿ ಕಬ್ಬಿಣವನ್ನು ಕಾಪಾಡಲೆಂದು. ಉಪ್ಪಿನ ಆರ್ದ್ರವಾಯುವಿನಲ್ಲಿ ಆ ಲೇಪದ ಆಯುಷ್ಯವು ಒಳನಾಡಿಗಿಂತ ಬಹಳ ಕಡಿಮೆಯಾಗುತ್ತದೆ. ಹಿತ್ತಾಳೆಯ ನಲ್ಲಿಯಲ್ಲಿಯೂ ಸತುವಿನ ಅಂಶ ಕರಗಿಹೋಗಿ, ಉಳಿದ ತಾಮ್ರವು ಕೆಂಪು ಛಾಯೆಯಿಂದ ಟೊಳ್ಳಾಗಿ ನಿಲ್ಲುವುದುಂಟು. ಚಿರೇಕಲ್ಲಿನ ನೆಲದ ಬಾವಿಗಳ ನೀರು ಅನೇಕ ಕಡೆ ಸ್ವಭಾವತಃ ತುಸು ಆಮ್ಲಗುಣವುಳ್ಳದ್ದಾಗಿರುವುದರಿಂದ, ಹೊರಗಿನಿಂದ ಲವಣವೂ ಒಳಗಿನಿಂದ ಆಮ್ಲವೂ ಸೇರಿ ಲೋಹವನ್ನು ತಿನ್ನುತ್ತವೆ. ಪ್ಲಾಸ್ಟಿಕ್ಕಿನ ಪೈಪಿಗೆ ಈ ಭಯವಿಲ್ಲ. ಅದರ ಶತ್ರು ಸೂರ್ಯ. ಮಾಡಿನ ಮೇಲೆ ಬಿಸಿಲಿಗೆ ಬಿದ್ದ ಪಿ.ವಿ.ಸಿ. ಪೈಪು ಕೆಲವೇ ವರ್ಷಗಳಲ್ಲಿ ಬಣ್ಣಗೆಟ್ಟು, ಪೆಡಸಾಗಿ, ಸಣ್ಣ ಪೆಟ್ಟಿಗೂ ಉದ್ದಕ್ಕೆ ಸೀಳುತ್ತದೆ.

ಪೈಪು ಒಡೆದ ಗಳಿಗೆಯಲ್ಲಿಯೇ ಕುಶಲಿಯಾದ ಪ್ಲಂಬರನು ಬಾಗಿಲಲ್ಲಿ ನಿಂತಿರುವನೆಂದು ಯಾವ ಗೃಹಸ್ಥನೂ ನಿರೀಕ್ಷಿಸಲಾರನು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುವ ಈ ಸೀಮೆಯಲ್ಲಂತೂ ಅದು ಅಸಾಧ್ಯದ ಮಾತು. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ಗಂಗಾವಳಿ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದಾಗ, 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿ 66ರ ಸಂಚಾರ ದಿನಗಟ್ಟಲೆ ಸ್ತಬ್ಧವಾದಾಗ, ಪೇಟೆಯ ಹಾರ್ಡ್‌ವೇರ್ ಅಂಗಡಿಯೂ ಪೇಟೆಯ ಕಸಬುದಾರನೂ ಎಷ್ಟು ದೂರದವರಾಗಬಲ್ಲರೆಂಬುದು ಸ್ಪಷ್ಟವಾಯಿತು. ಅಂಥ ದಿನಗಳಲ್ಲಿ ಮನೆಯಲ್ಲಿರುವ ರಬ್ಬರಿನ ಚೂರು, ದಾರ, ತಂತಿ, ಬೆಂಡುಗಳಿಂದಲೇ ಸದ್ಯದ ಉಪಾಯವನ್ನು ಮಾಡಿಕೊಳ್ಳುವುದು ಅನಿವಾರ್ಯವಾಗುತ್ತದೆ. ಆ ಉಪಾಯಗಳೇನು, ಅವು ಏತಕ್ಕೆ ಫಲಿಸುತ್ತವೆ, ಎಲ್ಲಿಯವರೆಗೆ ಅವುಗಳನ್ನು ನಂಬಬಹುದು ಎಂಬುದನ್ನು ಸಾಮಾನ್ಯ ಓದುಗರಿಗೆ ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಒಂದು ಸಣ್ಣ ಲೆಕ್ಕ. ಹತ್ತು ಮೀಟರು ಎತ್ತರದ ನೀರಿನ ಸ್ತಂಭವು ತನ್ನ ತಳದ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಮಿನಷ್ಟು ಒತ್ತಡ ಹಾಕುತ್ತದೆ. ಮಾಡಿನ ಮೇಲಿನ ಟ್ಯಾಂಕಿಗೂ ಬಚ್ಚಲಿನ ಪೈಪಿಗೂ ನಾಲ್ಕು ಮೀಟರು ಅಂತರವಿದ್ದರೆ ಒತ್ತಡವು ಚದರ ಸೆಂಟಿಮೀಟರಿಗೆ ಬರಿಯ 400 ಗ್ರಾಮು. ಎರಡು ಮಿಲಿಮೀಟರು ಅಗಲದ ತೂತಿನ ಮೇಲೆ ಅದು ಬೀರುವ ಬಲ ಹದಿಮೂರು ಗ್ರಾಮಿಗೂ ಕಡಿಮೆ. ಬೆರಳ ತುದಿಯಿಂದ ತಡೆಯಬಹುದಾದ ಬಲವದು. ಆದರೆ ಅದೇ ತೂತನ್ನು ತೆರೆದು ಬಿಟ್ಟರೆ ನೀರು ಸೆಕೆಂಡಿಗೆ ಎಂಟು ಮೀಟರಿಗೂ ಮಿಕ್ಕ ವೇಗದಿಂದ ಚಿಮ್ಮಿ, ನಿಮಿಷಕ್ಕೆ ಸುಮಾರು ಒಂದು ಲೀಟರಿನಂತೆ ದಿನವೊಂದಕ್ಕೆ 1,400 ಲೀಟರುಗಳಷ್ಟು ಹರಿದುಹೋಗುತ್ತದೆ. 2019ರಲ್ಲಿ ಘೋಷಿತವಾದ ಜಲಜೀವನ ಯೋಜನೆಯು ಗ್ರಾಮೀಣ ಮನೆಗಳಲ್ಲಿ ತಲೆಯೊಂದಕ್ಕೆ ದಿನಕ್ಕೆ 55 ಲೀಟರು ನೀರನ್ನು ಗುರಿಯಾಗಿಟ್ಟುಕೊಂಡಿದೆ. ಆ ಲೆಕ್ಕದಲ್ಲಿ ಅಕ್ಕಿಕಾಳಿನ ದಪ್ಪದ ತೂತೊಂದು ಐವರಿರುವ ಐದು ಸಂಸಾರಗಳ ನೀರನ್ನು ನುಂಗುತ್ತದೆ. ತಡೆಯಲು ಬೇಕಾದ ಬಲ ಅತ್ಯಲ್ಪ, ತಡೆಯದಿದ್ದರೆ ಆಗುವ ನಷ್ಟ ಅತ್ಯಧಿಕ: ತಾತ್ಕಾಲಿಕ ದುರಸ್ತಿಯ ಸಮರ್ಥನೆಯೆಲ್ಲ ಈ ವ್ಯತ್ಯಾಸದಲ್ಲಿದೆ. ಇದೇ ಉಪಾಯಗಳು ಬಹುಮಹಡಿ ಕಟ್ಟಡದ ಕೆಳ ಅಂತಸ್ತಿನಲ್ಲಾಗಲಿ ಪಂಪಿನಿಂದ ನೇರವಾಗಿ ಒತ್ತಡ ಬೀಳುವ ಪೈಪಿನಲ್ಲಾಗಲಿ ಸೋತುಹೋಗುವುದಕ್ಕೂ ಕಾರಣ ಇದೇ ಲೆಕ್ಕದಲ್ಲಿ ದೊರೆಯುತ್ತದೆ.

ಸೋರಿಕೆಯನ್ನು ಕಂಡೊಡನೆ ಮಾಡತಕ್ಕ ಪ್ರಥಮ ಕಾರ್ಯವು ತೂತನ್ನು ಮುಚ್ಚುವುದಲ್ಲ, ನೀರನ್ನು ನಿಲ್ಲಿಸುವುದು. ಟ್ಯಾಂಕಿನ ಬುಡದಲ್ಲಿ ಗೇಟ್ ವಾಲ್ವು ಎಲ್ಲಿದೆ, ಅದು ತಿರುಗುತ್ತದೆಯೇ, ಯಾವ ವಾಲ್ವು ಅಡಿಗೆಮನೆಗೆ, ಯಾವುದು ಬಚ್ಚಲಿಗೆ ಎಂಬುದು ಮನೆಯ ಹಿರಿಯರಿಂದ ಕಿರಿಯರವರೆಗೆ ಎಲ್ಲರಿಗೂ ಗೊತ್ತಿರಬೇಕು. ವರ್ಷಗಟ್ಟಲೆ ಮುಟ್ಟದ ವಾಲ್ವು ತುಕ್ಕು ಹಿಡಿದು ಬೇಕಾದಾಗ ಅಲುಗುವುದಿಲ್ಲವಾದುದರಿಂದ, ಮೂರು ತಿಂಗಳಿಗೊಮ್ಮೆಯಾದರೂ ಅದನ್ನು ಪೂರ್ತಿ ಮುಚ್ಚಿ ತೆರೆಯುವುದು ಒಳ್ಳೆಯ ಅಭ್ಯಾಸ. ವಾಲ್ವೇ ಇಲ್ಲದಿದ್ದರೆ, ಅಥವಾ ಇದ್ದೂ ಕೆಟ್ಟಿದ್ದರೆ, ಒಂದು ಗಟ್ಟಿ ಕೋಲಿನ ತುದಿಗೆ ಶುಭ್ರವಾದ ಬಟ್ಟೆಯನ್ನು ಬಿರಡೆಯ ಆಕಾರಕ್ಕೆ ಸುತ್ತಿ ಕಟ್ಟಿ, ಟ್ಯಾಂಕಿನೊಳಗಿಂದ ನೀರು ಹೊರಡುವ ರಂಧ್ರಕ್ಕೆ ಒತ್ತಿದರೆ ಸಾಕು. ನೀರಿನ ಒತ್ತಡವೇ ಅದನ್ನು ಅಲ್ಲಿ ಹಿಡಿದಿಡುತ್ತದೆ. ಬಿರಡೆಗೊಂದು ಹಗ್ಗ ಕಟ್ಟಿ ಅದರ ತುದಿಯನ್ನು ಹೊರಗಿಟ್ಟರೆ ಮರಳಿ ತೆಗೆಯುವುದು ಸುಲಭ. ನೀರು ಸ್ವಿಚ್‌ಬೋರ್ಡಿನ ಬಳಿಗೆ ಹರಿದಿದ್ದರೆ, ಮಿಕ್ಕೆಲ್ಲಕ್ಕೂ ಮುಂಚೆ, ಒಣಗಿದ ಕೈಯಿಂದ, ಒಣಗಿದ ನೆಲದ ಮೇಲೆ ನಿಂತು ಮೇನ್ ಸ್ವಿಚ್ಚನ್ನು ಆರಿಸತಕ್ಕದ್ದು. ಅನಂತರ ಅತಿ ಕೆಳಗಿನ ನಲ್ಲಿಯನ್ನು ತೆರೆದು ಪೈಪಿನಲ್ಲಿ ಉಳಿದ ನೀರನ್ನು ಬಕೆಟ್ಟುಗಳಲ್ಲಿ ಹಿಡಿದುಕೊಂಡರೆ, ದುರಸ್ತಿಯೂ ಸುಲಭ, ನೀರೂ ವ್ಯರ್ಥವಾಗದು.

ಕಬ್ಬಿಣದ ಪೈಪಿನಲ್ಲಿ ತುಕ್ಕಿನಿಂದಾದ ಸೂಜಿಮೊನೆಯಂಥ ರಂಧ್ರಕ್ಕೆ ನಮ್ಮ ಕರಾವಳಿಯಲ್ಲಿ ಅತಿ ಸುಲಭವಾಗಿ ದೊರೆಯುವ ಬೆಣೆ ಎಂದರೆ ತೆಂಗಿನ ಗರಿಯ ಕಡ್ಡಿ. ಒಣಗಿದ ಕಡ್ಡಿಯೊಂದರ ತುದಿಯನ್ನು ಚೂಪಾಗಿಸಿ ರಂಧ್ರದೊಳಕ್ಕೆ ಮೆಲ್ಲಗೆ ಒತ್ತಿ, ಪೈಪಿನ ಮೈಗೆ ಸಮನಾಗಿ ಮುರಿದುಬಿಟ್ಟರೆ, ನೀರು ಕುಡಿದ ಕಡ್ಡಿ ಉಬ್ಬಿ ತಾನೇ ಬಿಗಿಯಾಗುತ್ತದೆ. ಸುತ್ತಿಗೆಯಿಂದ ಹೊಡೆಯಲಾಗದು, ತುಕ್ಕು ಹಿಡಿದ ಲೋಹ ಸುತ್ತಲೂ ತೆಳುವಾಗಿರುವುದರಿಂದ ಸಣ್ಣ ರಂಧ್ರ ದೊಡ್ಡದಾದೀತು. ಅದರ ಮೇಲೆ ಹಳೆಯ ಸೈಕಲ್ ಟ್ಯೂಬಿನಿಂದ ಎರಡು ಅಂಗುಲ ಅಗಲದ ಪಟ್ಟಿಯನ್ನು ಕತ್ತರಿಸಿ, ರಂಧ್ರಕ್ಕಿಂತ ಮೂರು ಅಂಗುಲ ಹಿಂದಿನಿಂದ ತೊಡಗಿ, ಪ್ರತಿ ಸುತ್ತೂ ಹಿಂದಿನ ಸುತ್ತನ್ನು ಅರ್ಧ ಮುಚ್ಚುವಂತೆ, ಪಟ್ಟಿಯನ್ನು ಚೆನ್ನಾಗಿ ಎಳೆದು ಹಿಗ್ಗಿಸುತ್ತ, ರಂಧ್ರದಾಚೆ ಮೂರು ಅಂಗುಲದವರೆಗೆ ಸುತ್ತಬೇಕು. ಹಿಗ್ಗಿಸಿದ ರಬ್ಬರು ತನ್ನ ಮೂಲರೂಪಕ್ಕೆ ಮರಳಲೆಳಸುವ ಬಲವೇ ಇಲ್ಲಿ ದುರಸ್ತಿಯ ಜೀವ. ಸಡಿಲಾಗಿ ಸುತ್ತಿದ ಟ್ಯೂಬು ಎಷ್ಟು ಸುತ್ತಿದ್ದರೂ ನಿರರ್ಥಕ. ಅದರ ಮೇಲೆ ಬೈಂಡಿಂಗ್ ತಂತಿಯನ್ನಾಗಲಿ ಬಲೆ ಹೆಣೆಯುವ ನೈಲಾನ್ ದಾರವನ್ನಾಗಲಿ ಒತ್ತೊತ್ತಾಗಿ ಬಿಗಿಯಬಹುದು. ಮೀನುಗಾರರ ಮನೆಗಳಲ್ಲಿ ಇಂಥ ದಾರಕ್ಕೆ ಬರವಿಲ್ಲ. ಆದರೆ ನೈಲಾನು ನೆನೆದಾಗ ತುಸು ಉದ್ದವಾಗುವ ಗುಣವುಳ್ಳದ್ದಾದ್ದರಿಂದ, ಅದನ್ನು ಮೊದಲೇ ನೀರಿನಲ್ಲಿ ನೆನೆಸಿ ಕಟ್ಟುವುದು ಲೇಸು.

ತೂತು ದೊಡ್ಡದಾಗಿದ್ದರೆ ಎಂ-ಸೀಲ್‌ನಂಥ ಎರಡು ಬಣ್ಣದ ಮೇಣಗಳನ್ನು ಬೆರಸುವ ಪದಾರ್ಥ ಉಪಯೋಗಕ್ಕೆ ಬರುತ್ತದೆ. ಎರಡು ಮುದ್ದೆಗಳಲ್ಲಿ ಒಂದು ರಾಳ, ಇನ್ನೊಂದು ಅದನ್ನು ಗಟ್ಟಿಗೊಳಿಸುವ ದ್ರವ್ಯ. ಎರಡೂ ಸಮಭಾಗವಾಗಿ ಬೆರೆತು ಒಂದೇ ಬಣ್ಣವಾಗುವವರೆಗೆ ನಾದದಿದ್ದರೆ ಅದು ಎಲ್ಲೋ ಗಟ್ಟಿಯಾಗಿ ಎಲ್ಲೋ ಮೆತ್ತಗಾಗಿ ಉಳಿಯುತ್ತದೆ. ಇದು ಹರಿಯುವ ನೀರಿನ ಮೇಲೆ ಹಿಡಿಯುವುದಿಲ್ಲ. ಪೈಪನ್ನು ಬರಿದು ಮಾಡಿ, ತುಕ್ಕನ್ನೂ ಎಣ್ಣೆಯನ್ನೂ ಮರಳುಕಾಗದದಿಂದ ಉಜ್ಜಿ, ಒಣಬಟ್ಟೆಯಿಂದ ಒರಸಿ, ಆಮೇಲೆ ಹಚ್ಚಿ, ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು ಕಾಯತಕ್ಕದ್ದು. ಮಳೆಗಾಲದ ಆರ್ದ್ರ ದಿನಗಳಲ್ಲಿ ಪೈಪಿನ ಹೊರಮೈ ಬೆವರಿದಂತೆ ಒದ್ದೆಯಾಗಿರುವುದರಿಂದ, ಒಣಗಿಸುವ ಈ ಕೆಲಸಕ್ಕೆ ಹಚ್ಚುವ ಕೆಲಸಕ್ಕಿಂತ ಹೆಚ್ಚಿನ ತಾಳ್ಮೆ ಬೇಕು. ಹತ್ತರಲ್ಲಿ ಎಂಟು ಸಲ ಮೇಣವನ್ನು ದೂರುವವರು ದೂರಬೇಕಾದದ್ದು ತಮ್ಮ ಅವಸರವನ್ನು.

ಪಿ.ವಿ.ಸಿ. ಪೈಪು ಸೀಳಿದಾಗ ಉಪಾಯವೇ ಬೇರೆ. ಅದೇ ಅಳತೆಯ ಪೈಪಿನಿಂದ ನಾಲ್ಕೈದು ಅಂಗುಲದ ತುಂಡನ್ನು ಕತ್ತರಿಸಿ, ಅದನ್ನು ಉದ್ದಕ್ಕೆ ಸೀಳಿ, ಸೀಳಿದೆಡೆಯಲ್ಲಿ ಸಣ್ಣದೊಂದು ಪಟ್ಟಿಯನ್ನು ತೆಗೆದುಹಾಕಿದರೆ, ಉಳಿದ ಭಾಗವು ಒಡೆದ ಪೈಪಿನ ಮೇಲೆ ತಬ್ಬಿಕೊಂಡಂತೆ ಕೂರುತ್ತದೆ. ಎರಡೂ ಮೈಗಳನ್ನು ಮರಳುಕಾಗದದಿಂದ ಒರಟಾಗಿಸಿ, ಅಂಗಡಿಯವರು ಸೊಲ್ಯೂಷನ್ ಎಂದು ಕರೆಯುವ ದ್ರಾವಕವನ್ನು ಎರಡಕ್ಕೂ ಹಚ್ಚಿ, ಒತ್ತಿ, ಮೇಲೆ ತಂತಿ ಬಿಗಿದು, ಕೆಲವು ಗಂಟೆಗಳ ಕಾಲ ನೀರು ಬಿಡದಿದ್ದರೆ ಈ ಕಟ್ಟು ತಾತ್ಕಾಲಿಕಗಳಲ್ಲಿ ಅತ್ಯಂತ ಬಾಳಿಕೆಯದಾಗುತ್ತದೆ. ಏಕೆಂದರೆ ಆ ದ್ರಾವಕವು ಅಂಟಿನಂತೆ ನಡುವೆ ನಿಲ್ಲದೆ, ಎರಡು ಮೈಗಳನ್ನೂ ಕ್ಷಣಕಾಲ ಕರಗಿಸಿ ಒಂದಾಗಿಸುತ್ತದೆ. ಸೀಳು ಉದ್ದಕ್ಕೆ ಹರಿದಿದ್ದರೆ ಅದರ ಎರಡು ತುದಿಗಳಲ್ಲಿಯೂ ಚಿಕ್ಕ ದುಂಡು ರಂಧ್ರ ಕೊರೆಯುವುದು ವಿಹಿತ. ಮೊನಚಾದ ತುದಿಯಲ್ಲಿ ಕೇಂದ್ರೀಕೃತವಾದ ಬಲವು ದುಂಡು ಅಂಚಿನಲ್ಲಿ ಹಂಚಿಹೋಗಿ, ಸೀಳು ಮುಂದುವರಿಯದೆ ನಿಲ್ಲುತ್ತದೆ. ಬಿಸಿನೀರಿಗಾಗಿ ಹಾಕುವ ಸಿ.ಪಿ.ವಿ.ಸಿ. ಪೈಪಿಗೆ ಅದರದೇ ದ್ರಾವಕ ಬೇಕು. ಕಪ್ಲಿಂಗ್ ಇಲ್ಲದಾಗ ಪೈಪಿನ ತುದಿಯನ್ನು ಬೆಂಕಿಯಲ್ಲಿ ಕಾಯಿಸಿ, ಮೆತ್ತಗಾದೊಡನೆ ಇನ್ನೊಂದು ಪೈಪನ್ನು ಅದರೊಳಗೆ ತುರುಕುವ ಪದ್ಧತಿ ತೋಟಗಳಲ್ಲಿ ರೂಢಿಯಲ್ಲಿದ್ದರೂ, ಹಿಗ್ಗಿದ ಭಾಗ ತೆಳುವಾಗುವುದರಿಂದಲೂ, ಕರಕಲಾದ ಪಿ.ವಿ.ಸಿ.ಯಿಂದ ಶ್ವಾಸಕೋಶವನ್ನು ಸುಡುವ ಆಮ್ಲಧೂಮ ಏಳುವುದರಿಂದಲೂ, ಮನೆಯೊಳಗೆ ಅದು ಸರ್ವಥಾ ವರ್ಜ್ಯ.

ಮರೆಯುಳ್ಳ (ತಿರುಪಿನ ಎಳೆಗಳುಳ್ಳ) ಜೋಡಣೆಗಳು, ಅಂದರೆ ತಿರುಗಿಸಿ ಬಿಗಿಯುವ ಎಲ್ಬೋ, ಟೀ, ನಲ್ಲಿಯ ಬುಡ ಇತ್ಯಾದಿಗಳು ಸೋರುವುದು ಅತಿ ಸಾಮಾನ್ಯ. ಇಂದು ಅದಕ್ಕೆ ಟೆಫ್ಲಾನ್ ಟೇಪು ಎಲ್ಲೆಡೆ ದೊರೆಯುತ್ತದೆ. ಟೆಫ್ಲಾನನ್ನು 1938ರಲ್ಲಿ ಅಮೆರಿಕದ ಡ್ಯೂಪಾಂಟ್ ಸಂಸ್ಥೆಯಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನವಿಜ್ಞಾನಿ ಶೀತಕಾನಿಲಗಳ ಸಂಶೋಧನೆಯಲ್ಲಿದ್ದಾಗ ಆಕಸ್ಮಿಕವಾಗಿ ಕಂಡನು. ಟೇಪಿಗೆ ಅಂಟಿಲ್ಲ, ಅದು ಮರೆಯ ಸಂದುಗಳಲ್ಲಿ ತುಂಬಿಕೊಂಡು ನೀರಿನ ಹಾದಿಯನ್ನು ಮುಚ್ಚುತ್ತದೆ. ಪೈಪಿನ ಮರೆಯ ತುದಿಯನ್ನು ನಮ್ಮ ಕಡೆಗೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಎಳೆದು ಹಿಡಿದು, ಎಂಟು ಹತ್ತು ಸುತ್ತು ಸುತ್ತಿದರೆ ಬಿಗಿಯುವಾಗ ಟೇಪು ಒಳಕ್ಕೆ ಒತ್ತಿಕೊಳ್ಳುತ್ತದೆ. ವಿರುದ್ಧ ದಿಕ್ಕಿನಲ್ಲಿ ಸುತ್ತಿದ್ದು ಬಿಗಿಯುತ್ತಿದ್ದಂತೆಯೇ ಬಿಚ್ಚಿಕೊಂಡು ಹೊರಬರುತ್ತದೆ. ಟೇಪು ಇಲ್ಲದ ರಾತ್ರಿಯಲ್ಲಿ ಹತ್ತಿಯ ನೂಲೂ ಸೆಣಬಿನ ಎಳೆಯೂ ಅದೇ ಕೆಲಸ ಮಾಡಬಲ್ಲವು. ಪಶ್ಚಿಮ ಕರಾವಳಿಯ ಬಡಗಿಗಳು ಮರದ ದೋಣಿಯ ಹಲಗೆಗಳ ಸಂದಿಗೆ ಹತ್ತಿಯ ಎಳೆಯನ್ನು ತುರುಕಿ, ರಾಳ ಎಣ್ಣೆಗಳ ಪಾಕವನ್ನು ಬಳಿದು, ಕಡಲನ್ನೇ ಹೊರಗಿಟ್ಟ ವಿದ್ಯೆಯ ತತ್ತ್ವವೂ ಇದೇ ತಾನೆ: ನೆನೆದ ನಾರು ಉಬ್ಬುತ್ತದೆ, ಉಬ್ಬಿದ ನಾರು ಸಂದನ್ನು ಮುಚ್ಚುತ್ತದೆ. ಹಿಂದೆ ಪೈಪಿನ ಕೆಲಸದವರು ಸೆಣಬಿಗೆ ಸೀಸದ ಬಣ್ಣ ಸವರುತ್ತಿದ್ದುದುಂಟು. ಸೀಸವು ವಿಷವಾದುದರಿಂದ ಕುಡಿಯುವ ನೀರಿನ ಪೈಪಿಗೆ ಆ ಹಳೆಯ ರೂಢಿಯನ್ನು ಪುನರುಜ್ಜೀವಿಸಲಾಗದು. ಪ್ಲಾಸ್ಟಿಕ್ಕಿನ ಮರೆಗಳನ್ನು ಪಾನಾದಿಂದ ಅತಿಯಾಗಿ ಬಿಗಿದರೆ ಹೊರಗಿನ ಬಳೆಯೇ ಸೀಳುತ್ತದೆಂಬುದನ್ನೂ ಮರೆಯಬಾರದು.

ತೊಟ್ಟಿಕ್ಕುವ ನಲ್ಲಿಯ ವಿಷಯಕ್ಕೆ ಬರೋಣ. ತಿರುಗಿಸಿ ಮುಚ್ಚುವ ಹಳೆಯ ಬಗೆಯ ನಲ್ಲಿಯಲ್ಲಿ ರಬ್ಬರಿನ ವಾಷರೊಂದು ಹಿತ್ತಾಳೆಯ ಪೀಠದ ಮೇಲೆ ಒತ್ತಿ ಕೂತು ನೀರನ್ನು ತಡೆಯುತ್ತದೆ. ವಾಷರು ಸವೆದಾಗ ನಾವು ಇನ್ನಷ್ಟು ಬಲವಾಗಿ ತಿರುಗಿಸುತ್ತೇವೆ. ಆ ಬಲದಿಂದ ವಾಷರು ಇನ್ನಷ್ಟು ಕತ್ತರಿಸಿಹೋಗುತ್ತದೆ. ನೀರನ್ನು ನಿಲ್ಲಿಸಿ, ನಲ್ಲಿಯ ತಲೆಯನ್ನು ಪಾನಾದಿಂದ ಬಿಚ್ಚಿ, ಪೀಠದ ಮೇಲೆ ಕೂತ ಮರಳಿನ ಕಣಗಳನ್ನು ಒರಸಿದರೆ ಎಷ್ಟೋ ವೇಳೆ ಅಷ್ಟರಿಂದಲೇ ಸೋರಿಕೆ ನಿಲ್ಲುತ್ತದೆ. ನಿಲ್ಲದಿದ್ದರೆ ಹಳೆಯ ವಾಷರನ್ನೇ ಮಗುಚಿ ಹಾಕಬಹುದು, ಇಲ್ಲವೆ ದಪ್ಪನೆಯ ಟ್ಯೂಬಿನಿಂದ ಅದೇ ಅಳತೆಯ ಬಿಲ್ಲೆಯನ್ನು ಕತ್ತರಿಸಿ ಕೂರಿಸಬಹುದು. ಹವಾಯಿ ಚಪ್ಪಲಿಯ ಅಟ್ಟೆಯಿಂದ ಕತ್ತರಿಸುವವರೂ ಉಂಟು. ಅದು ಬೇಗನೆ ಅಮುಕಿಹೋಗುವ ಸಡಿಲು ರಬ್ಬರಾದುದರಿಂದ ಒಂದೆರಡು ವಾರಕ್ಕಿಂತ ಹೆಚ್ಚಿನ ಭರವಸೆ ಸಲ್ಲದು. ಕಾಲು ಸುತ್ತಿಗೆ ತೆರೆಯುವ ಈಚಿನ ನಲ್ಲಿಗಳಲ್ಲಿ ವಾಷರಿಗೆ ಬದಲು ಪಿಂಗಾಣಿಯ ಬಿಲ್ಲೆಗಳಿರುತ್ತವೆ. ಬಿಚ್ಚಿ ತೊಳೆಯುವುದರ ವಿನಾ ಮನೆಯಲ್ಲಿ ಮಾಡಬಹುದಾದುದು ಬೇರೇನೂ ಇಲ್ಲ. ದುರಸ್ತಿಯಾಗುವವರೆಗೆ ನಲ್ಲಿಯ ಬಾಯಿಗೊಂದು ದಾರ ಕಟ್ಟಿ ಅದರ ತುದಿಯನ್ನು ಬಕೆಟ್ಟಿನೊಳಗೆ ಇಳಿಬಿಟ್ಟರೆ, ಹನಿಗಳು ದಾರದ ಗುಂಟ ನಿಶ್ಶಬ್ದವಾಗಿ ಇಳಿಯುತ್ತವೆ. ಸೆಕೆಂಡಿಗೊಂದು ಹನಿಯಂತೆ ತೊಟ್ಟಿಕ್ಕಿದರೂ ದಿನಕ್ಕೆ ಇಪ್ಪತ್ತು ಲೀಟರಿನಷ್ಟು ನೀರು ಸೇರುವುದರಿಂದ ಆ ಬಕೆಟ್ಟು ತುಂಬದಿರುವುದಿಲ್ಲ.

ಟ್ಯಾಂಕು ತುಂಬಿ ಚೆಲ್ಲುವುದಕ್ಕೆ ಸಾಮಾನ್ಯವಾಗಿ ಬಾಲ್ ಕಾಕಿನ ದೋಷ ಕಾರಣ. ನೀರು ಏರಿದಂತೆ ತೇಲುವ ಚೆಂಡು ತನ್ನ ಕೋಲನ್ನು ಎತ್ತಿ ನೀರಿನ ದಾರಿಯನ್ನು ಮುಚ್ಚಬೇಕು. ಚೆಂಡು ಬಿರಿದು ಒಳಗೆ ನೀರು ತುಂಬಿಕೊಂಡರೆ ತೇಲುವ ಬದಲು ಮುಳುಗುತ್ತದೆ. ಚೆಂಡನ್ನು ಬಿಚ್ಚಿ, ನೀರನ್ನು ಹೊರಚೆಲ್ಲಿ, ಒಣಗಿಸಿ, ದಪ್ಪನೆಯ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿ ಮರಳಿ ಜೋಡಿಸುವುದು ಒಂದು ಉಪಾಯ. ಬಿಗಿಯಾಗಿ ಮುಚ್ಚಿದ ಖಾಲಿ ನೀರಿನ ಬಾಟಲಿಯನ್ನು ಕೋಲಿನ ತುದಿಗೆ ಕಟ್ಟುವುದು ಇನ್ನೊಂದು. ಮಂಜಗುಣಿಯಂಥ ಊರಿನಲ್ಲಿ ಮೂರನೆಯ ಉಪಾಯವೂ ಉಂಟು: ಬಲೆಗೆ ಕಟ್ಟುವ ಬೆಂಡುಗಳಲ್ಲಿ ಹೊಸದೊಂದೆರಡನ್ನು ತೊಳೆದು ಕಟ್ಟಿದರಾಯಿತು. ತೇಲಿಸುವ ವಸ್ತು ಯಾವುದೆಂಬುದು ಮುಖ್ಯವಲ್ಲ, ಅದು ಎಷ್ಟು ನೀರನ್ನು ಪಲ್ಲಟಗೊಳಿಸುತ್ತದೆಂಬುದೇ ಮುಖ್ಯವೆಂದು ಆರ್ಕಿಮಿಡೀಸನ ನಿಯಮ ಹೇಳುತ್ತದೆ. ದೋಷವು ಚೆಂಡಿನಲ್ಲಿರದೆ ಕಾಕಿನ ಒಳಗಿದ್ದರೆ, ಟ್ಯಾಂಕಿನ ಬಾಯಿಗೆ ಅಡ್ಡಲಾಗಿ ಕೋಲಿಟ್ಟು, ಚೆಂಡಿನ ಕೋಲನ್ನು ಹಗ್ಗದಿಂದ ಮೇಲಕ್ಕೆ ಎಳೆದು ಕಟ್ಟಿ, ನೀರು ಬಿಡುವ ಹೊತ್ತಿಗೆ ಮಾತ್ರ ಸಡಿಲಿಸಿಕೊಳ್ಳಬಹುದು.

ನೀರು ಬರುವ ದಾರಿಯಂತೆಯೇ ಹೋಗುವ ದಾರಿಯೂ ಕೆಡುತ್ತದೆ. ಮೀನು ತೊಳೆಯುವ ಅಡಿಗೆಮನೆಯಲ್ಲಿ ಹುರುಪೆ, ಕಾಯಿಯ ಚರಟ, ಅನ್ನ, ಎಣ್ಣೆಗಳು ಸೇರಿ ಸಿಂಕಿನ ಬಾಗಿದ ಕೊಳವೆಯಲ್ಲಿ ಕಟ್ಟಿಕೊಳ್ಳುವುದು ಸಹಜ. ಕೆಳಗೆ ಬಕೆಟ್ಟಿಟ್ಟು ಆ ಬಾಗಿದ ಭಾಗವನ್ನು ಕೈಯಿಂದಲೇ ಬಿಚ್ಚಿ ತೊಳೆಯುವುದು ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ಖಚಿತ. ಅಡಿಗೆ ಸೋಡವನ್ನೂ ಹುಳಿಯನ್ನೂ ಸುರಿದರೆ ನೊರೆಯೇಳುವುದನ್ನು ಕಂಡು ಜನ ಮೆಚ್ಚುತ್ತಾರೆ; ಆದರೆ ಕ್ಷಾರವೂ ಆಮ್ಲವೂ ಪರಸ್ಪರ ಶಮನಗೊಂಡು ಉಳಿಯುವುದು ಬಹುತೇಕ ಉಪ್ಪುನೀರು; ಜಿಡ್ಡನ್ನು ಕರಗಿಸುವ ಶಕ್ತಿ ಅದಕ್ಕಿಲ್ಲ. ಸೋಪಿನ ಬಿಸಿನೀರು ಅದಕ್ಕಿಂತ ಮೇಲು. ಕುದಿಯುವ ನೀರು ಮಾತ್ರ ಪಿ.ವಿ.ಸಿ. ಕೊಳವೆಯನ್ನು ಮೆತ್ತಗಾಗಿಸೀತು. ಶೌಚಾಲಯ ತೊಳೆಯುವ ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಒಂದೇ ಕೊಳವೆಗೆ ಸುರಿಯುವುದು ಪ್ರಾಣಾಪಾಯ: ಎರಡೂ ಕೂಡಿ ಕ್ಲೋರಿನ್ ವಿಷಾನಿಲ ಹುಟ್ಟುತ್ತದೆ. ಇನ್ನು ಅಳಿವೆಯ ಊರುಗಳಿಗೆ ವಿಶಿಷ್ಟವಾದ ಒಂದು ಸಂಗತಿ: ಮಳೆಗಾಲದಲ್ಲಿ ನೆಲದ ನೀರು ಮೇಲಕ್ಕೇರಿ, ಅದರ ಮೇಲೆ ದೊಡ್ಡ ಭರತವೂ ಸೇರಿದಾಗ, ಇಂಗುಗುಂಡಿಯೇ ತುಂಬಿ ನೀರನ್ನು ಒಪ್ಪಿಕೊಳ್ಳುವುದಿಲ್ಲ. ಮನೆಯ ಎಲ್ಲ ಕೊಳವೆಗಳೂ ಒಟ್ಟಿಗೆ ನಿಧಾನಿಸಿದರೆ ದೋಷವು ಕೊಳವೆಯಲ್ಲಿಲ್ಲವೆಂದು ತಿಳಿದು, ಇಳಿತದವರೆಗೆ ನೀರಿನ ಬಳಕೆಯನ್ನು ಕಡಿಮೆ ಮಾಡುವುದೊಂದೇ ವಿವೇಕ. ಬಚ್ಚಲಿನಿಂದ ದುರ್ಗಂಧ ಬಂದರೆ, ಬಳಸದೆ ಬಿಟ್ಟ ನಹಾನಿ ಟ್ರ್ಯಾಪಿನ (ಬಚ್ಚಲಿನ ನೆಲದ ಬಾಗಿದ ಕೊಳವೆಯ) ನೀರು ಒಣಗಿರುವುದು ಸಂಭವ. ಒಂದು ಚೆಂಬು ನೀರು ಹಾಕಿದರೆ ಅನಿಲದ ದಾರಿ ಮುಚ್ಚುತ್ತದೆ.

ಬಾವಿಯ ಪಂಪು ಸದ್ದು ಮಾಡಿಯೂ ನೀರೆತ್ತದಿರುವುದು ಬೇಸಿಗೆಯ ಸಾಮಾನ್ಯ ದೂರು. ಮೇಲಿಟ್ಟ ಪಂಪು ನೀರನ್ನು ಹೀರುವುದು ತನ್ನ ಶಕ್ತಿಯಿಂದಲ್ಲ. ವಾಯುಮಂಡಲದ ಒತ್ತಡವು ನೀರನ್ನು ತಳ್ಳುವುದರಿಂದ. ಆ ಒತ್ತಡಕ್ಕೆ ಹತ್ತು ಮೀಟರು ಚಿಲ್ಲರೆಗಿಂತ ಮೇಲಕ್ಕೆ ತಳ್ಳಲು ಶಕ್ಯವಿಲ್ಲ. ವ್ಯವಹಾರದಲ್ಲಿ ಏಳು ಮೀಟರೇ ಮಿತಿ. ನೀರು ಅದಕ್ಕಿಂತ ಕೆಳಗಿಳಿದಿಲ್ಲವೆಂದಾದರೆ, ಹೀರುವ ಪೈಪಿನ ಜೋಡಣೆಯಲ್ಲೆಲ್ಲೋ ಗಾಳಿ ನುಗ್ಗುತ್ತಿರಬೇಕು, ಇಲ್ಲವೆ ತಳದ ಫುಟ್ ವಾಲ್ವಿನಲ್ಲಿ ಕಸ ಸಿಕ್ಕಿರಬೇಕು. ಗಾಳಿಯ ಸೋರಿಕೆಯಲ್ಲಿ ಹನಿ ಹೊರಬೀಳುವುದಿಲ್ಲ. ಪಂಪು ನಡೆಯುವಾಗ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿದರೆ ನೊರೆಯು ಒಳಕ್ಕೆ ಸೆಳೆದುಹೋಗುವ ಸ್ಥಳವೇ ದೋಷದ ಸ್ಥಳ. ಪಂಪನ್ನು ನಿಲ್ಲಿಸಿ ಅಲ್ಲಿಗೆ ಟ್ಯೂಬನ್ನು ಬಿಗಿದು, ಪೈಪಿನಲ್ಲಿ ನೀರು ತುಂಬಿಸಿ ಮತ್ತೆ ನಡೆಸಬಹುದು. ನೀರಿಲ್ಲದೆ ಪಂಪನ್ನು ಓಡಿಸಿದರೆ ಒಳಗಿನ ಸೀಲು ಸುಟ್ಟು, ಸಣ್ಣ ಖರ್ಚು ದೊಡ್ಡದಾಗುತ್ತದೆ.

ಇಷ್ಟನ್ನು ಹೇಳಿದ ಮೇಲೆ, ಮಾಡಲಾಗದವುಗಳನ್ನೂ ಹೇಳದಿದ್ದರೆ ಅನ್ಯಾಯವಾದೀತು. ಗೀಸರಿನ ಸುರಕ್ಷಾ ವಾಲ್ವಿನಿಂದ ನೀರು ತೊಟ್ಟಿಕ್ಕುವುದನ್ನು ಕಂಡು ಅದಕ್ಕೆ ಬಿರಡೆ ಹಾಕುವುದು ಮನೆಯೊಳಗೆ ಸ್ಫೋಟಕವನ್ನಿಟ್ಟುಕೊಂಡಂತೆ. ಒಳಗಿನ ಒತ್ತಡ ಹೊರಹೋಗಲೆಂದೇ ಆ ವಾಲ್ವು ಇರುವುದು. ಪಂಚಾಯತಿಯ ಮುಖ್ಯ ಕೊಳವೆಯನ್ನು ಸ್ವಂತ ಕೈಯಿಂದ ಅಗೆಯುವುದೂ ಕಟ್ಟುವುದೂ ಉಚಿತವಲ್ಲ. ಆದರೆ ಅದರ ಸೋರಿಕೆಯನ್ನು ಕಂಡೂ ತಿಳಿಸದಿರುವುದು ಅದಕ್ಕಿಂತ ಅನುಚಿತ. ಏಕೆಂದರೆ ದಿನದಲ್ಲಿ ಕೆಲವೇ ಗಂಟೆ ನೀರು ಬಿಡುವ ಪೈಪಿನಲ್ಲಿ, ನೀರು ನಿಂತೊಡನೆ ಒತ್ತಡ ಇಳಿದು, ಹೊರಕ್ಕೆ ಸೋರುತ್ತಿದ್ದ ಬಿರುಕೇ ಒಳಕ್ಕೆ ಹೀರುವ ಬಾಯಿಯಾಗುತ್ತದೆ. ಸುತ್ತಲಿನ ಚರಂಡಿಯ ನೀರು, ಗಜನಿ ಎಂಬ ತಗ್ಗುಗದ್ದೆಗಳ ಉಪ್ಪುನೀರು, ನೆರೆಯ ಕೊಳಕು ಎಲ್ಲವೂ ಆ ದಾರಿಯಿಂದ ಮನೆಮನೆಯ ಕೊಡಗಳಿಗೆ ಬರಬಲ್ಲವು. ಆದುದರಿಂದ ಬಿರುಕು ಬಿಟ್ಟ ಪೈಪಿನ ನೀರನ್ನು, ದುರಸ್ತಿ ಪೂರ್ಣವಾಗುವವರೆಗೆ, ಕುದಿಸದೆ ಕುಡಿಯತಕ್ಕದ್ದಲ್ಲ. ಕುದಿಸುವುದರಿಂದ ರೋಗಾಣುಗಳು ನಾಶವಾಗುತ್ತವೆಯೇ ಹೊರತು ಉಪ್ಪು ಹೋಗುವುದಿಲ್ಲವೆಂಬುದು ಕರಾವಳಿಯವರಿಗೆ ಹೇಳಬೇಕಾದ ಮಾತಲ್ಲ.

ತಾತ್ಕಾಲಿಕ ದುರಸ್ತಿಯ ದೊಡ್ಡ ಅಪಾಯವು ಅದು ಸೋಲುವುದರಲ್ಲಿಲ್ಲ, ಗೆಲ್ಲುವುದರಲ್ಲಿದೆ. ಸೋತರೆ ನಾವು ಪ್ಲಂಬರನನ್ನು ಕರೆಯುತ್ತೇವೆ, ಗೆದ್ದರೆ ಮರೆತುಬಿಡುತ್ತೇವೆ. ರಬ್ಬರಿನ ಕಟ್ಟಿನ ಅಡಿಯಲ್ಲಿ ತುಕ್ಕು ಯಾರ ಕಣ್ಣಿಗೂ ಬೀಳದೆ ವೃದ್ಧಿಸುತ್ತದೆ, ಗೋಡೆಯೊಳಗೆ ತೇವ ಹರಡುತ್ತದೆ, ಎರಡು ತಿಂಗಳ ಅನಂತರ ಹೊಸ ಪೈಪಿನೊಡನೆ ಹೊಸ ಗಿಲಾಯಿಯ ವೆಚ್ಚವೂ ಬೀಳುತ್ತದೆ. ಟ್ಯೂಬಿನ ಕಟ್ಟಿಗೆ ಎರಡು ವಾರ, ಮೇಣದ ಮುಚ್ಚಿಗೆಗೆ ಒಂದೆರಡು ತಿಂಗಳು, ದ್ರಾವಕದಿಂದ ಕೂರಿಸಿದ ತೇಪೆಗೆ ಒಂದು ಮಳೆಗಾಲ, ನೂಲು ಸುತ್ತಿದ ಜೋಡಣೆಗೆ ಮುಂದಿನ ಪೇಟೆಯ ದಿನದವರೆಗೆ ಮಾತ್ರ ಎಂದು ಗಡುವನ್ನು ನಾವೇ ನಿಶ್ಚಯಿಸಿಕೊಳ್ಳಬೇಕು. ಕಟ್ಟಿದ ದಿನಾಂಕವನ್ನು ಪಕ್ಕದ ಗೋಡೆಯ ಮೇಲೆ ಒಂದು ಸೀಸಕಡ್ಡಿಯಿಂದ ಬರೆದಿಟ್ಟರೂ ಸಾಕು. ಬರೆದ ದಿನಾಂಕವು ದಿನವೂ ಕಣ್ಣಿಗೆ ಬಿದ್ದು ಎಚ್ಚರಿಸುತ್ತಿರುತ್ತದೆ.

ಆದುದರಿಂದ ಮನೆಯವರಲ್ಲಿ ವಿನಂತಿಯಿಷ್ಟೆ: ಮೃಗಶಿರೆಯ ಮಳೆ ಹಿಡಿಯುವ ಮುನ್ನ ಒಂದು ಬೆಳಿಗ್ಗೆಯನ್ನು ಇದಕ್ಕಾಗಿ ಮೀಸಲಿಡಿರಿ. ವಾಲ್ವುಗಳನ್ನು ಒಂದೊಂದಾಗಿ ಮುಚ್ಚಿ ತೆರೆಯಿರಿ. ಕಳೆದ ವರ್ಷದ ಕಟ್ಟುಗಳನ್ನು ಬಿಚ್ಚಿಸಿ ಹೊಸ ಪೈಪು ಹಾಕಿಸಿರಿ. ಬಿಸಿಲಿಗೆ ಬಿದ್ದ ಪೈಪಿಗೆ ಬಣ್ಣವನ್ನೋ ಹೊದಿಕೆಯನ್ನೋ ಕೊಡಿಸಿರಿ. ಒಂದು ಡಬ್ಬದಲ್ಲಿ ಟೆಫ್ಲಾನ್ ಟೇಪು, ಎರಡು ಅಳತೆಯ ವಾಷರುಗಳು, ಎಂ-ಸೀಲಿನ ಒಂದು ಪೊಟ್ಟಣ, ದ್ರಾವಕದ ಚಿಕ್ಕ ಡಬ್ಬಿ, ಒಂದು ಕಪ್ಲಿಂಗ್, ಒಂದು ಎಂಡ್ ಕ್ಯಾಪ್, ಸೈಕಲ್ ಟ್ಯೂಬಿನ ಪಟ್ಟಿ, ತಂತಿ, ಹ್ಯಾಕ್ಸಾ ಬ್ಲೇಡು, ಪಾನಾ ಇವನ್ನಿಟ್ಟು, ಆ ಡಬ್ಬ ಎಲ್ಲಿದೆಯೆಂಬುದನ್ನು ಮನೆಯ ಎಲ್ಲರಿಗೂ ತಿಳಿಸಿರಿ. ಇವೆಲ್ಲಕ್ಕೂ ಆಗುವ ಖರ್ಚು, ನೆನೆದು ಕೆಟ್ಟ ಒಂದು ಗೋಡೆಯ ದುರಸ್ತಿಯ ಖರ್ಚಿಗಿಂತ ಖಂಡಿತವಾಗಿಯೂ ಕಡಿಮೆ.